ಮೂರು ನಕ್ಷತ್ರದ ರಿಪೇರಿ ಅಂಗಡಿ

ಏಪ್ರಿಲ್ ಕೊನೆಗೆ ಸರೋವರದ ಮಂಜುಗಡ್ಡೆ ಬಿರುಕು ಬಿಟ್ಟ ದಿನ, ಬರ್ಬಟ್ ಲೇಕ್ ಊರಿನ ಮಿಕ್ಕವರೆಲ್ಲ ದಡಕ್ಕೆ ಹೋಗಿ ಜೇಬಿನಲ್ಲಿ ಕೈಯಿಟ್ಟು ನೋಡುತ್ತ ನಿಂತಿದ್ದರೆ, ವರ್ನರ್ ಟಾಲೆಫ್‌ರೂಡ್ ತನ್ನ ಅಡುಗೆಮನೆಯಲ್ಲಿ ಕೂತು ಹೆಂಡತಿಯ ತೀರ್ಪು ಕೇಳುತ್ತಿದ್ದ. ತೀರ್ಪು ಚಿಕ್ಕದು. ಆರ್ಡಿಸ್ ಮಾತಿನಲ್ಲಿ ಯಾವತ್ತೂ ದುಂದು ಮಾಡಿದವಳಲ್ಲ.

"ಜುಲೈ ನಾಲ್ಕರೊಳಗೆ ಹತ್ತು ಮೋಟರು ಬರ್ಬೇಕು. ಬೇಸಿಗೆಗೆ ಬರ್ತಾರಲ್ಲ, ಅವರದ್ದು. ಊರಿನವರದ್ದು ಲೆಕ್ಕಕ್ಕಿಲ್ಲ. ಬರ್ಲಿಲ್ವೋ, ಡ್ವೇನ್ ಹತ್ರ ಟ್ರಕ್ಕು ಇದೆ."

ಟ್ರಕ್ಕು ಎಂದರೆ ಏನೆಂದು ವರ್ನರನಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಡ್ವೇನ್ ಆರ್ಡಿಸಳ ತಮ್ಮ. ಅವನದು ಟರ್ಕಿ ಕೋಳಿಗಳ ವ್ಯವಹಾರ. ಹನ್ನೆರಡು ಕೊಟ್ಟಿಗೆ, ಒಂದೊಂದರಲ್ಲೂ ಒಂದು ಸಣ್ಣ ಪಟ್ಟಣದಷ್ಟು ಹಕ್ಕಿ. ಅಷ್ಟು ಹಕ್ಕಿಗಳಿರುವಲ್ಲಿ ದಿನಕ್ಕೆ ಕೆಲವು ಸಾಯುತ್ತವೆ, ಅದರಲ್ಲಿ ಯಾರ ತಪ್ಪೂ ಇಲ್ಲ. ಬೆಳಗಾಗುತ್ತಲೇ ಅವನ್ನು ಆಯ್ದು, ತುಂಬಿ, ಮೂವತ್ತು ಮೈಲಿ ಒಯ್ದು ಸುರಿದು ಬರಲು ಒಂದು ಟ್ರಕ್ಕು. ಹಿಂದಿನ ಡ್ರೈವರ್ ಹನ್ನೊಂದು ವರ್ಷ ಓಡಿಸಿ ಆ ಚಳಿಗಾಲದಲ್ಲಿ ನಿವೃತ್ತನಾಗಿದ್ದ. ಚರ್ಚಿನಲ್ಲಿ ಆತ ಇವತ್ತಿಗೂ ಒಂದು ಇಡೀ ಬೆಂಚಿನಲ್ಲಿ ಒಬ್ಬನೇ ಕೂರುತ್ತಾನೆ.

ವರ್ನರನ ಕಸುಬು ಮನೆಯ ಹಿಂದಿನ ಶೆಡ್ಡಿನಲ್ಲಿ ದೋಣಿಯ ಮೋಟರು, ಹುಲ್ಲು ಕತ್ತರಿಸುವ ಯಂತ್ರ, ಮರ ಕೊಯ್ಯುವ ಗರಗಸ ಇತ್ಯಾದಿಗಳ ರಿಪೇರಿ. ಇಪ್ಪತ್ತಾರು ವರ್ಷದಿಂದ ಮಾಡುತ್ತಿದ್ದ. ಕೆಲಸ ಚೆನ್ನಾಗಿತ್ತು, ಅದೇ ಅವನಿಗೆ ಮುಳುವಾಗಿತ್ತು. ಊರಿನ ಯಂತ್ರಗಳನ್ನೆಲ್ಲ ಅವನು ಒಂದೊಂದು ಸಲ ಬಿಚ್ಚಿ ಕಟ್ಟಿದ್ದ, ಆಮೇಲೆ ಅವು ಕೆಡುವುದನ್ನೇ ಬಿಟ್ಟಿದ್ದವು. ಉಳಿದವರೆಂದರೆ ಸರೋವರದ ಸುತ್ತ ಮರದ ಮನೆ ಕಟ್ಟಿಕೊಂಡು ಬೇಸಿಗೆಗೆ ಮಾತ್ರ ಬರುವ ನಗರದವರು. ಅವರು ಎರಡು ವರ್ಷದಿಂದ ಪಕ್ಕದ ಊರಿನ ಹೊಸ ದೋಣಿ ಅಂಗಡಿಗೆ ಹೋಗುತ್ತಿದ್ದರು. ಹೋಗಿ ಎಂದು ಅವರ ಫೋನು ಹೇಳುತ್ತಿತ್ತು.

ಹೀಗಾಗಿ ವರ್ನರ್ ಮೇ ಮೊದಲ ಮಂಗಳವಾರ ಊರಿನ ಲೈಬ್ರರಿಗೆ ಹೋದ. ಸಣ್ಣ ಅಂಗಡಿಗಳವರಿಗೆ ವೆಬ್‌ಸೈಟು ಮಾಡುವುದು ಹೇಗೆ ಎಂದು ಕೌಂಟಿ ಕಚೇರಿಯಿಂದ ಕೆಂಡ್ರಾ ವೋಯ್ಟ್ ಎಂಬ ಯುವತಿ ಪಾಠ ಹೇಳಲು ಬಂದಿದ್ದಳು. ಕೇಳುವವರು ಮೂವರು. ಒಬ್ಬ ವರ್ನರ್. ಇನ್ನೊಬ್ಬಳು ಮೊಟ್ಟೆ ಮಾರುವ ವಿಧವೆ ಓಪಲ್ ಸ್ಕೂಗ್. ಮೂರನೆಯವನು ವರ್ನರನ ಪಕ್ಕದ ಮನೆಯ ಲೈಲ್ ಬ್ರೆಕ್ಕೆ. ಅವನಿಗೆ ಅಂಗಡಿಯೇ ಇರಲಿಲ್ಲ, ಲೈಬ್ರರಿಯಲ್ಲಿ ಹೀಟರ್ ಇತ್ತು.

"ಫೋನ್ ನಂಬರು ಎಲ್ಲಕ್ಕಿಂತ ಮೇಲಿರ್ಲಿ, ಹುಡುಕಿಸಬೇಡಿ," ಎಂದಳು ಕೆಂಡ್ರಾ. "ಬಾಗಿಲು ಯಾವಾಗ ತೆಗೀತೀರೋ ನಿಜಾನೇ ಬರೀರಿ. ಫೋಟೊ ನಿಮ್ಮದೇ ಹಾಕಿ, ಎಲ್ಲಿಂದಲೋ ತಂದಿದ್ದು ಬೇಡ. ಗಿರಾಕಿಗಳ ಹತ್ರ ಹೋಗಿ, ನಾಚಿಕೊಳ್ಳದೆ, ಅಭಿಪ್ರಾಯ ಬರೀರಿ ಅಂತ ಕೇಳಿ. ಬರೆದವರಿಗೆಲ್ಲ ಒಂದು ಉತ್ತರ ಬರೀರಿ. ಮುಖ್ಯವಾದ್ದು ನಕ್ಷತ್ರ. ಐದಕ್ಕೆ ನಾಲ್ಕೂವರೆಗಿಂತ ಕೆಳಗಿದ್ರೆ ಜನ ನಿಮ್ಮನ್ನ ಬೆರಳಲ್ಲಿ ಮೇಲಕ್ಕೆ ತಳ್ಳಿ ಮುಂದೆ ಹೋಗಿಬಿಡ್ತಾರೆ. ಅಲ್ಲಿಗೆ ಅಂಗಡಿ ಸತ್ತ ಹಾಗೆ."

ಸತ್ತ ಎಂಬ ಮಾತು ಕೇಳಿದ್ದೇ ವರ್ನರನ ಮೂಗಿಗೆ ಟ್ರಕ್ಕಿನ ವಾಸನೆ ಬಡಿಯಿತು. ಎಲ್ಲವನ್ನೂ ಪೆನ್ಸಿಲ್ಲಿನಲ್ಲಿ ಬರೆದುಕೊಂಡ.

ಕೆಂಡ್ರಾ ಕೊಟ್ಟದ್ದು ಅರ್ಧ ಸಿದ್ಧವಾಗಿದ್ದ ವೆಬ್‌ಸೈಟು. ಹೆಸರು, ವಿವರ ತುಂಬಿದರೆ ಸಾಕಿತ್ತು. ಅದರ ನೆತ್ತಿಯ ಮೇಲೆ ಗಾಜಿನ ಕಟ್ಟಡದಲ್ಲಿ ನಿಂತು ಹಲ್ಲು ಕಿಸಿಯುತ್ತಿದ್ದ ಐವರು ಇದ್ದರು. ವರ್ನರ್ ಮೊದಲು ಅವರನ್ನು ತೆಗೆದ. ಆ ಜಾಗಕ್ಕೆ ಶೆಡ್ಡಿನ ಫೋಟೊ ಹಾಕಿದ; ಅದರಲ್ಲಿ ಅವನ ಬೆನ್ನು ಮಾತ್ರ ಕಾಣುತ್ತಿತ್ತು. 'ನಮ್ಮ ಬಗ್ಗೆ' ಎಂಬಲ್ಲಿ ಮೊದಲೇ ಅಚ್ಚಾಗಿದ್ದ ಒಂದು ಮಾತು, 'ಗಿರಾಕಿಯ ಸಂತೋಷವೇ ನಮ್ಮ ಉಸಿರು' ಎಂದಿತ್ತು. ಅದನ್ನು ಓದಿ ಕಿವಿ ಬಿಸಿಯಾಗಿ, ಅತ್ತಿತ್ತ ನೋಡಿ ಅಳಿಸಿದ. ಎರಡು ಗಂಟೆ ಯೋಚಿಸಿ ಬೇರೆ ಬರೆದ: 'ಇಂಜಿನ್ ರಿಪೇರಿ ಮಾಡಲಾಗುವುದು. ಸಾಮಾನ್ಯವಾಗಿ ಸರಿಹೋಗುತ್ತದೆ.' ಬಾಗಿಲು ತೆಗೆಯುವ ಹೊತ್ತನ್ನು ನಿಜವಾಗಿಯೇ ಬರೆಯಬೇಕು ಎಂದಿದ್ದಳಲ್ಲ, ಬರೆದ: 'ಬೆಳಗ್ಗೆ ಏಳರಿಂದ. ಮೀನು ಚೆನ್ನಾಗಿ ಕಚ್ಚುವ ದಿನ ಇರುವುದಿಲ್ಲ.'

ಮಾರನೆಯ ಬೆಳಗ್ಗೆ ಓಪಲ್ ಸ್ಕೂಗಳ ಫೋನು ಬಂತು.

"ಆರ್ಡಿಸ್, ನಿನ್ನ ಗಂಡ ನಿನ್ನ ರಾತ್ರಿ ಅಂಗೀನ ಲೋಕಕ್ಕೆಲ್ಲ ತೋರಿಸ್ತಿದಾನೆ ಕಣೇ. ಫೋಟೊದಲ್ಲಿ, ಎಡಗಡೆ, ಹಗ್ಗದ ಮೇಲೆ. ಬೆರಳಲ್ಲಿ ಹಿಗ್ಗಿಸಿದ್ರೆ ತೇಪೆ ಕೂಡ ಕಾಣತ್ತೆ."

"ಹಿಗ್ಗಿಸಿದವರು ಯಾರು?" ಎಂದು ಆರ್ಡಿಸ್ ಕೇಳಿದಳು. ಆ ಕಡೆ ಫೋನು ಇಟ್ಟ ಸದ್ದಾಯಿತು.

ಮುಂದಿನ ಭಾನುವಾರ ಪ್ರಾರ್ಥನೆಯ ನಂತರ ಚರ್ಚಿನ ನೆಲಮಾಳಿಗೆಯಲ್ಲಿ ಕಾಫಿ. ವರ್ನರ್ ಒಬ್ಬೊಬ್ಬರ ಹತ್ತಿರವೂ ಹೋಗಿ, ಹವೆಯ ಬಗ್ಗೆ ಐದು ನಿಮಿಷ ಮಾತಾಡಿ, ಹೊರಡುವಾಗ ನೆಲ ನೋಡುತ್ತ ಹೇಳಿದ. "ಕಂಪ್ಯೂಟರಿನಲ್ಲಿ ಏನೋ ಬರೀಬಹುದಂತೆ. ಬರೀಲೇಬೇಕು ಅಂತೇನಿಲ್ಲ."

ಊರು ಒಳ್ಳೆಯದು. ಆ ವಾರ ಮುಗಿಯುವುದರೊಳಗೆ ಹದಿನೇಳು ಮಂದಿ ಬರೆದರು. ವರ್ನರ್ ಬೆಳಗ್ಗೆ ಎದ್ದು ಫೋನು ನೋಡಿದ, ಹಲ್ಲುಜ್ಜುತ್ತ ನೋಡಿದ, ಕಾರ್ಬುರೇಟರು ಬಿಚ್ಚಿ ಅರ್ಧಕ್ಕೆ ಬಿಟ್ಟು ಎಣ್ಣೆಗೈಯಲ್ಲೇ ನೋಡಿದ. ಹದಿನೇಳಕ್ಕೆ ಹದಿನೇಳೂ ಮೂರೇ ನಕ್ಷತ್ರ.

ಮೈನಸ್ ಮೂವತ್ತರ ಚಳಿಯಲ್ಲಿ ನಡುಸರೋವರದ ಮಂಜಿನ ಮೇಲೆ ಲೈಲನ ಹಿಮಗಾಡಿ, ಸ್ನೋಮೊಬೈಲು, ಕೆಟ್ಟಾಗ ವರ್ನರ್ ನಡೆದುಕೊಂಡು ಹೋಗಿ, ಕೈಗವಸು ಕಳಚಿ ಸರಿಮಾಡಿದ್ದ. ಎರಡು ಬೆರಳಿನ ತುದಿ ಇವತ್ತಿಗೂ ಜೋಮು. ಲೈಲ್ ಬರೆದಿದ್ದ: 'ಇಂಜಿನ್ ಓಡುತ್ತಿದೆ. ಪರವಾಗಿಲ್ಲ.' ಪಾಸ್ಟರ್ ಯೆಲ್ಮ್‌ಸ್ಟಡ್ ಬರೆದಿದ್ದರು: 'ಇದಕ್ಕಿಂತ ಕೆಟ್ಟ ಕೆಲಸ ನೋಡಿದ್ದೇನೆ.' ಓಪಲ್ ಸ್ಕೂಗ್: 'ನಾಯಿ ಕಚ್ಚುವುದಿಲ್ಲ.' ಪಟ್ಟಿಯ ಕೊನೆಯಲ್ಲಿ ಆರ್ಡಿಸಳೂ ಇದ್ದಳು: 'ಮದುವೆಯಾಗಿ ಮೂವತ್ತೊಂದು ವರ್ಷ. ದೂರೇನಿಲ್ಲ.' ಅವರಲ್ಲೊಬ್ಬ, ಹಾಲಿನ ಡೈರಿಯವ, ಮೊದಲು ನಾಲ್ಕು ಕೊಟ್ಟಿದ್ದ. ಮಾರನೆಯ ಬೆಳಗ್ಗೆಯೇ ಟೋಪಿ ಕೈಯಲ್ಲಿ ಹಿಡಿದು ಶೆಡ್ಡಿಗೆ ಬಂದು, ಬೆರಳು ಜಾರಿತು, ಮನಸ್ಸಿಗೆ ಹಚ್ಚಿಕೊಳ್ಳಬೇಡ ಎಂದು ಕ್ಷಮೆ ಕೇಳಿ, ಅಲ್ಲೇ ನಿಂತು ಮೂರು ಮಾಡಿ ಹೋದ.

ಉತ್ತರ ಬರೆಯಬೇಕು ಎಂಬ ನಿಯಮವನ್ನು ವರ್ನರ್ ಮುರಿಯಲಿಲ್ಲ. ಲೈಲನಿಗೆ 'ಓದಿದೆ. ನನ್ನ ಏಣಿ ನಿನ್ನ ಹತ್ತಿರವೇ ಇದೆ' ಎಂದೂ, ಓಪಲಳಿಗೆ 'ನಾಯಿಗೆ ತಿಳಿಸಿದೆ' ಎಂದೂ, ಹೆಂಡತಿಗೆ 'ಸರಿ' ಎಂದೂ ಬರೆದ. ಆಮೇಲೆ ತಡೆಯಲಾರದೆ ಬೇಲಿಯ ಹತ್ತಿರ ಹೋಗಿ ನಿಂತ. ಲೈಲ್ ಆ ಕಡೆ ಬಲೆ ಬಿಡಿಸುತ್ತಿದ್ದ.

"ಲೈಲ್, ಆ ಮೂರು..."

"ಹೂಂ. ಇಷ್ಟ ಆಯ್ತಾ?"

"ಐದರ ತನಕ ಇತ್ತಲ್ಲ ಮಾರಾಯ."

ಲೈಲ್ ಬಲೆ ಬಿಟ್ಟು ನೆಟ್ಟಗೆ ನಿಂತ. ಐದು ಎಂಬ ಅಂಕಿ ಹೆಂಗಸರ ಎದುರು ಆಡಬಾರದ ಮಾತೇನೋ ಎಂಬಂತೆ, ಯಾರಾದರೂ ಕೇಳಿಸಿಕೊಂಡರೇ ಎಂದು ಸುತ್ತ ನೋಡಿದ.

"ವರ್ನರ್, ನನ್ನ ಎದೆ ಕೊಯ್ದು ಹೃದಯ ಹೊರಗೆ ತೆಗೆದು ತೊಳೆದು ಇಟ್ರಲ್ಲ, ಆ ಡಾಕ್ಟರಿಗೆ ನಾನು ನಾಲ್ಕು ಕೊಟ್ಟೆ. ಅದೂ ಮದ್ದಿನ ಅಮಲಿನಲ್ಲಿ. ನೀನು ಪ್ಲಗ್ ಬದಲಾಯಿಸ್ತೀಯ."

"ಅಲ್ಲ, ನಾನೇನು ಕೇಳ್ತಿಲ್ಲ..."

"ಕೇಳ್ತಿಲ್ಲ ಅಂತ ಗೊತ್ತು. ನೀನು ಅಂಥವನಲ್ಲ. ಇವತ್ತೇ ಐದು ಕೊಟ್ರೆ ನಾಳೆ ನೀನು ಇನ್ನೂ ಚೆನ್ನಾಗಿ ಮಾಡಿದಾಗ ನಾನೇನು ಕೊಡ್ಲಿ?"

ವರ್ನರ್ ಏಣಿಯನ್ನೂ ಕೇಳದೆ ಮನೆಗೆ ಹೋದ. ನಿಜ ಹೇಳಬೇಕೆಂದರೆ ಆ ಊರಿನ ರೀತಿಯೇ ಹಾಗೆ. ಚರ್ಚಿನ ಕಾಫಿಯ ದಿನ ತಟ್ಟೆಯಲ್ಲಿ ಕೊನೆಯ ಸಿಹಿತುಂಡು ಉಳಿದರೆ ಅಲ್ಲಿ ಯಾರೂ ಅದನ್ನು ಪೂರ್ತಿ ತೆಗೆದುಕೊಳ್ಳುವುದಿಲ್ಲ. ಒಬ್ಬರು ಅರ್ಧ ಮಾಡುತ್ತಾರೆ, ಇನ್ನೊಬ್ಬರು ಅದರ ಅರ್ಧ, ಕಡೆಗೆ ಸಾಸಿವೆಯಷ್ಟು ಚೂರು ತಟ್ಟೆಯ ಮಧ್ಯೆ ಕೂತು ಊರಿನ ಮರ್ಯಾದೆ ಕಾಯುತ್ತದೆ. ಅಂಥ ಜನ ಕೊನೆಯ ನಕ್ಷತ್ರಕ್ಕೆ ಕೈ ಹಾಕುವುದುಂಟೆ?

ಮೇ ಕೊನೆಯ ವಾರಾಂತ್ಯಕ್ಕೆ ಬೇಸಿಗೆಯವರು ಬಂದರು. ಅವರ ದೋಣಿಗಳು ಕಾರುಗಳ ಬೆನ್ನಿಗೆ ಕಟ್ಟಿಸಿಕೊಂಡು ವರ್ನರನ ಶೆಡ್ಡಿನ ಮುಂದಿನಿಂದಲೇ ಪಕ್ಕದ ಊರಿನ ಕಡೆ ಹೋದವು. ವರ್ನರ್ ಒಂದೊಂದಕ್ಕೂ ಬಾಗಿಲಿಗೆ ಬಂದು, ಅದು ತಿರುವು ದಾಟಿದ ಮೇಲೆ ಒಳಗೆ ಹೋಗುತ್ತಿದ್ದ. ಬಂದು ಬಂದು ಹೊಸ್ತಿಲ ಬಳಿ ಹುಲ್ಲು ಸವೆಯಿತು. ಡ್ವೇನ್ ಒಮ್ಮೆ ಹಾದುಹೋಗುವವ ಗಾಡಿ ನಿಲ್ಲಿಸಿ, "ಭಾವಾ, ನಿಮ್ಮ ಬೂಟಿನ ಅಳತೆ ಎಷ್ಟು? ಉದ್ದದ ರಬ್ಬರ್ ಬೂಟು ಬೇಕಾಗತ್ತೆ, ಮೊಣಕಾಲಿನ ತನಕ," ಎಂದು ಪ್ರೀತಿಯಿಂದಲೇ ವಿಚಾರಿಸಿ ಹೋದ.

ಕೊನೆಗೊಂದು ಮೋಟರು ಸಿಕ್ಕಿತು, ಅದೂ ಆಕಸ್ಮಿಕವಾಗಿ. ಜೂನ್ ಮೊದಲ ವಾರ ವರ್ನರ್ ಮೀನು ಹಿಡಿಯುತ್ತಿದ್ದಾಗ, ಜೊಂಡಿನಲ್ಲಿ ಸಿಕ್ಕಿಕೊಂಡ ದೋಣಿಯೊಂದರಿಂದ ಹೆಂಗಸೊಬ್ಬಳು ಕೈಬೀಸಿದಳು. ಷಿಕಾಗೋದಿಂದ ಬಂದವಳು, ಗ್ರೆಚೆನ್ ಪಾಪಡಾಕಿಸ್. ವರ್ನರ್ ತನ್ನ ದೋಣಿ ಪಕ್ಕಕ್ಕೆ ತಂದು ಅವಳ ಮೋಟರಿನ ಪ್ರೊಪೆಲರಿನಲ್ಲಿ ಮುರಿದಿದ್ದ ಪಿನ್ನು ಕಿತ್ತು, ಅಂಗಿಯ ಜೇಬಿನಿಂದ ಬೇರೊಂದು ತೆಗೆದು ಹಾಕಿ, "ಇನ್ನು ಹೋಗ್ಬಹುದು," ಎಂದು ತನ್ನ ಗಾಳದ ಕಡೆ ತಿರುಗಿದ. ಎಲ್ಲ ಸೇರಿ ನಾಲ್ಕು ನಿಮಿಷ. ಅವಳು ಒತ್ತಾಯ ಮಾಡಿ ಅಂಗಡಿಯ ಹೆಸರು ಕೇಳಿಕೊಂಡಳು.

ಆ ಸಂಜೆ ವರ್ನರ್ ಫೋನು ನೋಡಿದವನು ಕುರ್ಚಿ ಹುಡುಕಿ ಕೂತ. ಐದು ನಕ್ಷತ್ರ! ಕೆಳಗೆ: 'ಅದ್ಭುತ!!! ಈತ ಮೆಕ್ಯಾನಿಕ್ ಅಲ್ಲ, ಕಲಾವಿದ! ನಮ್ಮ ಬೇಸಿಗೆಯನ್ನೇ ಉಳಿಸಿದ ದೇವದೂತ! ಆತನ ಕೈಗಳನ್ನು ನೋಡಿ ನನಗೆ ಕಣ್ಣೀರೇ ಬಂತು!!!'

ಅವನಿಗೆ ಸಂತೋಷವಾಯಿತೆಂದು ಹೇಳಬಹುದು. ಒಂದು ಹನ್ನೊಂದು ನಿಮಿಷದ ಮಟ್ಟಿಗೆ ಆಯಿತು. ಹನ್ನೆರಡನೆಯ ನಿಮಿಷಕ್ಕೆ ಇದನ್ನು ಊರು ಓದುತ್ತದೆ ಎಂಬುದು ಹೊಳೆದು, ಎದ್ದುಹೋಗಿ ಕಿಟಕಿಯ ಪರದೆ ಎಳೆದ.

ಊರು ಆಗಲೇ ಓದಿತ್ತು. ಬೆಳಗ್ಗೆ ವರ್ನರ್ ಕಾಫಿ ಅಂಗಡಿಗೆ ಕಾಲಿಟ್ಟಾಗ ಆರು ಜನ ಒಟ್ಟಿಗೇ ಕಿಟಕಿಯಾಚೆ ಏನನ್ನೋ ನೋಡತೊಡಗಿದರು. ಬಯ್ಯುವ ಜನರಲ್ಲ ಅವರು. ನೋಡದೆ ಇರುತ್ತಾರೆ, ಅಷ್ಟೆ. ಊರಿನ ತರ್ಕ ಸರಳವಾಗಿತ್ತು. ಮನುಷ್ಯ ಇನ್ನೊಬ್ಬನ ಬಗ್ಗೆ ಇಷ್ಟೆಲ್ಲ ಹೊಗಳಿ ಬರೆಯುವುದು ಸಾಧ್ಯವೇ ಇಲ್ಲ. ತನ್ನ ಬಗ್ಗೆಯೇ ಆದರೆ ಹೇಳಲಾಗುವುದಿಲ್ಲ. ಆದ್ದರಿಂದ ಇದನ್ನು ವರ್ನರನೇ ಬರೆದುಕೊಂಡಿದ್ದಾನೆ. ಪಾಪಡಾಕಿಸ್ ಎಂಬ ಹೆಸರು ಯಾರಿಗಾದರೂ ಇರಲು ಸಾಧ್ಯವೇ? ಅದನ್ನೂ ಅವನೇ ಹುಟ್ಟಿಸಿದ್ದು.

ಗುರುವಾರ ಪಾಸ್ಟರ್ ಯೆಲ್ಮ್‌ಸ್ಟಡ್ ಶೆಡ್ಡಿಗೆ ಬಂದರು. ಒಂದು ತಗಡಿನ ಡಬ್ಬದ ಮೇಲೆ ಕೂತು ಮಳೆಯ ಬಗ್ಗೆ, ಜೋಳದ ಬಗ್ಗೆ, ಆಮೇಲೆ ಮತ್ತೆ ಮಳೆಯ ಬಗ್ಗೆ ಮಾತಾಡಿದರು. ಹೊರಡಲು ಎದ್ದು ಬಾಗಿಲಿನ ತನಕ ಹೋದವರು ತಿರುಗಿ ನಿಂತರು.

"ವರ್ನರ್, ಕಷ್ಟ ಯಾರಿಗಿಲ್ಲ ಹೇಳು. ಕಷ್ಟದಲ್ಲಿ ಮನುಷ್ಯ ಒಂದೊಂದು ಸಲ ತನ್ನನ್ನೇ... ದೇವದೂತ ಅಂತ ಅಂದುಕೊಳ್ಳೋದಕ್ಕೆ ಶುರುಮಾಡ್ತಾನೆ."

"ಪಾಸ್ಟರ್, ದೇವರಾಣೆ, ಅದನ್ನ ಬರೆದದ್ದು ನಾನಲ್ಲ."

"ಆಣೆ ಬೇಡಪ್ಪ," ಎಂದು ಪಾಸ್ಟರ್ ಮರುಕದಿಂದ ಹೇಳಿ ಅವನ ಹೆಗಲು ತಟ್ಟಿದರು. ಆ ಊರಿನಲ್ಲಿ ಹೆಗಲು ತಟ್ಟುವುದು ಸಾವಿನ ಮನೆಯಲ್ಲಿ ಮಾತ್ರ.

ಲೈಲ್ ಮತ್ತು ಓಪಲ್ ಕೈಕಟ್ಟಿ ಕೂರಲಿಲ್ಲ. ಇಬ್ಬರೂ ತಮ್ಮ ತಮ್ಮ ಮೂರರಿಂದ ಒಂದೊಂದು ಇಳಿಸಿ ಎರಡು ಮಾಡಿದರು. ಕೊಂಚ ಮೇಲೇರಿದ್ದ ವರ್ನರನ ಸರಾಸರಿ ಮತ್ತೆ ಬಂದು ಸರಿಯಾಗಿ ಮೂರರ ಮೇಲೆ ಕೂತಿತು.

"ನಿನ್ನ ಒಳ್ಳೇದಕ್ಕೇ ಮಾಡಿದ್ದು," ಎಂದ ಲೈಲ್, ಬೇಲಿಯ ಮೇಲಿಂದ. "ಥ್ಯಾಂಕ್ಸ್ ಏನೂ ಬೇಡ."

ಆರ್ಡಿಸ್ ಮಾತ್ರ ರಾತ್ರಿ ಊಟಕ್ಕೆ ಬಡಿಸುತ್ತ, "ಇನ್ನಷ್ಟು ಆಲೂಗಡ್ಡೆ ಬೇಕಾ, ಕಲಾವಿದರೇ?" ಎಂದು ಕೇಳಿದಳು, ಅಷ್ಟೇ.

ಜೂನ್ ಇಪ್ಪತ್ತಾಯಿತು. ಒಂದು ಮೋಟರು, ಅದೂ ಪಿನ್ನಿನ ಮೋಟರು. ಊರಿನವರಿಂದ ಬರುತ್ತಿದ್ದ ಗರಗಸಗಳೂ ನಿಂತವು. ದೇವದೂತನ ಹತ್ತಿರ ಗರಗಸದ ಹಲ್ಲು ಮಸೆಯಿಸಲು ಯಾರಿಗೂ ಧೈರ್ಯವಿರಲಿಲ್ಲ. ವರ್ನರ್ ಶೆಡ್ಡಿನಲ್ಲಿ ಆ ಗೋಡೆಯಿಂದ ಈ ಗೋಡೆಗೆ ತಿರುಗಿದ. ಸ್ಪ್ಯಾನರುಗಳನ್ನು ಅಳತೆಯ ಪ್ರಕಾರ ಜೋಡಿಸಿದ, ಕೆಡವಿದ, ಮತ್ತೆ ಜೋಡಿಸಿದ. ಕೊನೆಗೆ ಭಾನುವಾರದ ಅಂಗಿ ಹಾಕಿಕೊಂಡು ದೋಣಿ ಹತ್ತಿ ಸರೋವರದ ಆಚೆ ದಡದ ಗ್ರೆಚೆನ್ ಪಾಪಡಾಕಿಸಳ ಮನೆಗೆ ಹೊರಟ.

ಅವಳ ಮನೆಯ ಜಗಲಿಯಲ್ಲಿ ಅಕ್ಕಪಕ್ಕದ ಬೇಸಿಗೆಯವರು ಎಂಟು ಹತ್ತು ಮಂದಿ ಗ್ಲಾಸು ಹಿಡಿದು ಕೂತಿದ್ದರು.

"ನೋಡಿ, ನೋಡಿ, ನಾನು ಹೇಳ್ತಿದ್ನಲ್ಲ, ಇವರೇ!" ಎಂದು ಗ್ರೆಚೆನ್ ಎದ್ದು ಕೂಗಿದಳು. "ಬನ್ನಿ, ಕೂತ್ಕೊಳ್ಳಿ, ಏನು ಕುಡೀತೀರಿ?"

"ಏನೂ ಬೇಡ."

"ಕಾಫಿ?"

"ಬೇಡ, ಈಗಷ್ಟೇ ಆಯ್ತು."

ಮೂರನೆಯ ಸಲ ಕೇಳಿದರೆ ತೆಗೆದುಕೊಳ್ಳಬೇಕೆಂದು ವರ್ನರ್ ಕಾದ. ಷಿಕಾಗೋದವರಿಗೆ ಮೂರನೆಯ ಸಲ ಕೇಳುವುದು ಗೊತ್ತಿರಲಿಲ್ಲ. ಒಣಗಿದ ಗಂಟಲಿನಲ್ಲೇ ವಿಷಯಕ್ಕೆ ಬಂದ.

"ಅಮ್ಮಾ, ನೀವು ಬರೆದದ್ದು ಓದಿದೆ. ಅದರಲ್ಲಿ ಎರಡು ನಕ್ಷತ್ರ ತೆಗೀಲಿಕ್ಕಾಗತ್ತಾ? ಆ ಕಣ್ಣೀರಿನ ಮಾತನ್ನೂ ತೆಗೆದ್ರೆ ಉಪಕಾರ."

ಗ್ರೆಚೆನ್ ಕಣ್ಣು ಬಿಟ್ಟಳು. "ತೆಗೀಬೇಕಾ? ನಾನೇನಾದ್ರೂ ತಪ್ಪು ಬರೆದ್ನಾ?"

"ತಪ್ಪೇನಿಲ್ಲ. ಅದು ನಾಲ್ಕು ನಿಮಿಷದ ಕೆಲಸ. ಪಿನ್ನು ಹಳೇದು. ಪಾಸ್ಟರ್ ಮನೆಗೆ ಬಂದು ಹೋದ್ರು. ನನ್ನ ನೆರೆಯವನು ಅವನದರಲ್ಲಿ ಒಂದು ಇಳಿಸಿದ, ಸರಿದೂಗಿಸೋದಕ್ಕೆ. ಹೆಂಡತಿ ಆಲೂಗಡ್ಡೆ ಬಡಿಸುವಾಗ ಕಲಾವಿದರೇ ಅಂತಾಳೆ. ನಂಗೆ ಊರಲ್ಲಿ ತಿರುಗೋಕಾಗ್ತಿಲ್ಲ."

ಗ್ರೆಚೆನ್ ಫೋನು ತೆಗೆದು ಮೊದಲ ಸಲ ಉಳಿದವರು ಬರೆದದ್ದನ್ನು ನೋಡಿದಳು. ನೋಡಿ ಗಟ್ಟಿಯಾಗಿ ಓದತೊಡಗಿದಳು. ನಾಯಿ ಕಚ್ಚುವುದಿಲ್ಲ ಎಂಬಲ್ಲಿ ಒಬ್ಬ ಗ್ಲಾಸು ಕೆಳಗಿಟ್ಟ. ದೂರೇನಿಲ್ಲ ಎಂಬಲ್ಲಿ, ಅದಕ್ಕೆ ಗಂಡ ಕೊಟ್ಟ 'ಸರಿ' ಎಂಬಲ್ಲಿ, ಜಗಲಿಗೆ ಜಗಲಿಯೇ ಹೊಟ್ಟೆ ಹಿಡಿದುಕೊಂಡಿತು. ವರ್ನರ್ ಭಾನುವಾರದ ಅಂಗಿಯಲ್ಲಿ ಬಿಸಿಲಿಗಿಟ್ಟ ಮೇಣದಂತೆ ನಿಂತಿದ್ದ.

ನಗು ನಿಂತ ಮೇಲೆ ಮೂಲೆಯಲ್ಲಿದ್ದ ಬೋಳುತಲೆಯ ವಕೀಲನೊಬ್ಬ ಕಣ್ಣೊರೆಸಿಕೊಳ್ಳುತ್ತ ಹೇಳಿದ. "ಆ ಪಕ್ಕದ ಊರಿನ ಅಂಗಡಿ ಇದೆಯಲ್ಲ, ಐನೂರು ಜನ 'ಅದ್ಭುತ' ಅಂತ ಬರೆದಿದಾರೆ. ನನ್ನ ಮೋಟರು ಈ ವರ್ಷ ಅಲ್ಲಿಗೆ ಮೂರು ಸಲ ಹೋಗಿದೆ. ಕಟ್ಟಿಕೊಂಡ ಹೆಂಡತಿ ಕೈಲಿ ಕೂಡ ಐದು ಬರೆಸದೆ ಇರೋ ಮನುಷ್ಯ ನನಗೆ ಬೇಕು. ನಾಳೆ ತರಲಾ?"

"ನಾಳೆ ಮೀನು ಕಚ್ಚೋ ದಿನ," ಎಂದ ವರ್ನರ್, ಬಾಯಿತಪ್ಪಿ.

ಅಷ್ಟಕ್ಕೆ ಇನ್ನೂ ಮೂವರು ತಮ್ಮದನ್ನೂ ತರುತ್ತೇವೆಂದು ಎದ್ದು ನಿಂತರು.

ಜುಲೈ ಮೂರರ ಬೆಳಗ್ಗೆ ಶೆಡ್ಡಿನ ಮುಂದಿನ ಹುಲ್ಲಿನ ಮೇಲೆ ಮೋಟರುಗಳು ಸಾಲಾಗಿ ಕೂತಿದ್ದವು. ಆರ್ಡಿಸ್ ಏಪ್ರನ್ನಿನಲ್ಲೇ ಬಂದು, ಬೆರಳು ತೋರಿಸಿ, ಆಗಲೇ ಸರಿಯಾಗಿ ಹೋದವನ್ನೂ ಪಿನ್ನಿನ ಮೋಟರನ್ನೂ ಸೇರಿಸಿ ಹನ್ನೊಂದು ಎಣಿಸಿದಳು. ಒಳಗೆ ಹೋಗಿ ತಮ್ಮನಿಗೆ ಫೋನು ಮಾಡಿದಳು. "ಡ್ವೇನ್, ಟ್ರಕ್ಕಿಗೆ ಬೇರೆ ಯಾರನ್ನಾದ್ರೂ ನೋಡ್ಕೋ," ಎಂದದ್ದು ಕಿಟಕಿಯಿಂದ ಕೇಳಿಸಿತು. ವರ್ನರ್ ಎರಡು ತಿಂಗಳಲ್ಲಿ ಮೊದಲ ಸಲ ಒಂದು ಡಬ್ಬದ ಮೇಲೆ ಸುಮ್ಮನೆ ಕೂತ.

ಕೂತದ್ದು ಎರಡು ನಿಮಿಷ. ಕೆಂಡ್ರಾ ವೋಯ್ಟಳ ಕಾರು ಧೂಳೆಬ್ಬಿಸಿಕೊಂಡು ಬಂತು. ರಿಪೇರಿಯಾದ ಮೋಟರು ಒಯ್ದ ಬೇಸಿಗೆಯವರು ಊರಿನ ರೀತಿ ಕಲಿತು ಮೂರು ಮೂರೇ ಬರೆಯುತ್ತಿದ್ದರು: 'ದೋಣಿ ಮುಂದಕ್ಕೆ ಹೋಗುತ್ತದೆ', 'ಮನುಷ್ಯ ಹೆಚ್ಚು ಮಾತಾಡುವುದಿಲ್ಲ'. ಗ್ರೆಚೆನ್ ಕೂಡ ತನ್ನದನ್ನು ಮೂರಕ್ಕಿಳಿಸಿ 'ಪಿನ್ನು ಹಳೆಯದು' ಎಂದಷ್ಟೇ ಉಳಿಸಿದ್ದಳು. ಕಚೇರಿಯಲ್ಲಿ ಕೂತು ಇದನ್ನೆಲ್ಲ ನೋಡಿದ ಕೆಂಡ್ರಾ ಮುಳುಗುವವನನ್ನು ಎಳೆದು ದಡ ಸೇರಿಸಲು ಓಡಿಬಂದಿದ್ದಳು. ಮೋಟರುಗಳ ಸಾಲು ನೋಡಿ ಕಾರಿನ ಕೀಲಿ ತೆಗೆಯುವುದನ್ನೂ ಮರೆತು ಇಳಿದಳು.

"ನಿಮ್ಮ ಪಾಠದಿಂದ," ಎಂದ ವರ್ನರ್. "ನೀವು ಹೇಳಿದ್ದೆಲ್ಲ ಮಾಡಿದೆ."

ಕೆಂಡ್ರಾಳ ಮುಖ ಅರಳಿತು. ಚೀಲದಿಂದ ಒಂದು ಹಾಳೆ ತೆಗೆದಳು. "ಹಾಗಾದ್ರೆ ಇದನ್ನ ತುಂಬಿಕೊಡ್ತೀರಾ? ಪಾಠ ಹೇಗಿತ್ತು ಅಂತ. ನಮ್ಮ ಕಚೇರೀಲೂ ಇದನ್ನೇ ನೋಡೋದು."

ಹಾಳೆಯ ಮೇಲೆ ಐದು ಖಾಲಿ ನಕ್ಷತ್ರ. ವರ್ನರ್ ಕಿವಿಯ ಸಂದಿನಿಂದ ಪೆನ್ಸಿಲ್ ತೆಗೆದ. ಒಂದನ್ನು ತುಂಬಿದ, ಎರಡು ತುಂಬಿದ, ಮೂರನ್ನು ತುಂಬಿ ನಿಂತ. ಸಾಲಾಗಿ ಕೂತಿದ್ದ ಮೋಟರುಗಳನ್ನು ನೋಡಿದ. ಕತ್ತಿನ ನರ ಉಬ್ಬಿಸಿಕೊಂಡು, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ನಾಲ್ಕನೆಯದನ್ನೂ ತುಂಬಿಬಿಟ್ಟ.

"ನಾಲ್ಕಾ?" ಎಂದಳು ಕೆಂಡ್ರಾ, ಅಳುವವಳ ಹಾಗೆ. "ಏನು ಕಡಿಮೆ ಆಯ್ತು?"

ವರ್ನರ್ ಉತ್ತರ ಹುಡುಕುವಷ್ಟರಲ್ಲಿ ಬೆನ್ನ ಹಿಂದೆ ನೆರಳು ಬಿತ್ತು. ಆರ್ಡಿಸ್ ಕೈಯಲ್ಲಿ ರೂಬಾರ್ಬ್ ದಂಟಿನ ಸಿಹಿ ಪೈ ಹಿಡಿದು, ಅವನ ಹೆಗಲ ಮೇಲಿಂದ ಹಾಳೆ ನೋಡುತ್ತಿದ್ದಳು.

"ನಾಲ್ಕು," ಎಂದಳು ಮೆಲ್ಲಗೆ. "ಮೂವತ್ತೊಂದು ವರ್ಷದಿಂದ ಈ ಪೈಗೆ 'ತಿನ್ನಬಹುದು' ಅಂತಿದ್ದೀಯ."

"ಆರ್ಡಿಸ್, ಅದು..."

"ಡ್ವೇನ್ ಇನ್ನೂ ಮನೇಲೇ ಇದಾನೆ. ಇನ್ನೊಂದು ಫೋನು ಮಾಡೋದೇನು ಕಷ್ಟ ಅಲ್ಲ."

ಕೆಂಡ್ರಾ ಆಗಲೇ ಕಾರಿನ ಬಾಗಿಲು ತೆಗೆದಿದ್ದಳು. ವರ್ನರ್ ಇಪ್ಪತ್ತು ವರ್ಷದಿಂದ ಓಡಿರದ ಓಟ ಓಡಿದ.

"ನಿಲ್ಲಿ, ನಿಲ್ಲಿ! ಆ ಹಾಳೆ ಕೊಡಿ, ತಪ್ಪಾಗಿದೆ. ತಿದ್ದಿಕೊಡ್ತೀನಿ!"

"ನಂಗೊತ್ತಿತ್ತು!" ಎಂದು ಕೆಂಡ್ರಾ ನಗುತ್ತ ಹಾಳೆ ಚಾಚಿದಳು.

ವರ್ನರ್ ಅದನ್ನು ಕಾರಿನ ಬಾನೆಟ್ಟಿನ ಮೇಲಿಟ್ಟು, ಪೆನ್ಸಿಲಿನ ಹಿಂದಿನ ರಬ್ಬರಿನಿಂದ ಉಜ್ಜಿ, ಊದಿ, ಮಡಚಿ, ಅವಳ ಕೈಗಿಟ್ಟ. ಕೆಂಡ್ರಾ ಅದನ್ನು ಬಿಚ್ಚಿ, ತುಂಬಿದ್ದ ನಕ್ಷತ್ರಗಳನ್ನು ಬೆರಳಿಟ್ಟು ಎಣಿಸಿದಳು. ಮೂರು.

ಆರ್ಡಿಸ್ ಪೈಯ ದೊಡ್ಡ ತುಂಡೊಂದನ್ನು ಕತ್ತರಿಸಿ ಅವಳ ಮುಂದೆ ಹಿಡಿದಳು.

"ಕೂತ್ಕೊಳ್ಳಮ್ಮ, ತಿನ್ನು," ಎಂದಳು. "ನಿನ್ನ ಪಾಠ ಅವನಿಗೆ ತುಂಬಾ ಹಿಡಿಸಿದೆ."